ಗುಡ್ಡೆಯೊಳಗಿನ ಫೋನು

ಮಹದೇವಮ್ಮನ ಬಾಯಿಗೆ ಹೆದರದವರು ಆ ಊರಲ್ಲಿ ಯಾರೂ ಇರಲಿಲ್ಲ. ಕಿರುಗಾವಲಿನಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಊರು ಅದು. ಸುತ್ತ ನಾಲೆ ಬಯಲು, ಎತ್ತ ತಿರುಗಿದರೂ ಭತ್ತ, ಇಲ್ಲದಿದ್ದರೆ ಕಬ್ಬು. ನಾಟಿ ಕಾಲ ಬಂತೆಂದರೆ ಹೆಂಗಸರ ತಂಡ ಕಟ್ಟಿಕೊಂಡು ಗದ್ದೆಗೆ ಇಳಿಯುವವಳು ಇವಳೇ. ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂದು ಹೇಳುವವಳೂ ಇವಳೇ. ಎಂಥ ದೊಡ್ಡ ಕುಳ ಬಂದು ಮನೆ ಮುಂದೆ ನಿಂತರೂ, "ನಾಳಿದ್ದು ಬತ್ತೀವಿ, ಓಗಿ" ಅಂದರೆ ಮಾತು ಮುಗಿಯಿತು. ಸಾಲು ಸೊಟ್ಟಗೆ ನೆಟ್ಟವಳನ್ನು ಬದುವಿನ ಮೇಲಿಂದಲೇ ಬೈದು, ಕೀಳಿಸಿ, ಮತ್ತೆ ನೆಡಿಸುತ್ತಿದ್ದಳು. ಆದರೂ ಸಿಟ್ಟಾಗಿ ತಂಡ ಬಿಟ್ಟವಳು ಒಬ್ಬಳೂ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ ಅದೇ ಬಾಯಿ ಎಲ್ಲರನ್ನೂ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತಿತ್ತು.

ಅವಳ ತವರು ಚಿಕ್ಕರಸಿನಕೆರೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ದನದ ಹಿಂದೆ ಹೋದವಳು. ಹಾಗಾಗಿ ಮಕ್ಕಳ ಓದಿನ ವಿಷಯದಲ್ಲಿ ಅವಳಿಗಿದ್ದದ್ದು ಆಸೆಯಲ್ಲ, ಹಟ. ಗಂಡ ಹುಚ್ಚೀರಯ್ಯ ಆಲೆಮನೆಯಲ್ಲಿ ಬೆಲ್ಲ ಬೇಯಿಸುವವನು. ಕೊಪ್ಪರಿಗೆಯ ಮುಂದೆ ನಿಂತು ನಿಂತು ಮೈಯೂ ಒಣಗಿತ್ತು, ಮಾತೂ ಒಣಗಿತ್ತು. ಮನೆಯ ವ್ಯವಹಾರವನ್ನೆಲ್ಲ ಹೆಂಡತಿಗೆ ಬಿಟ್ಟು ಹೂಂ ಅನ್ನುತ್ತಿದ್ದ. ಮಗ ಶಿವು, ಮಗಳು ಅನು, ಇಬ್ಬರೂ ಮಳವಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದರು. ಅವನದು ಕೊನೆಯ ವರ್ಷ, ಅವಳದು ಮೊದಲನೆಯದು.

ಕಾಲೇಜು ಅಂದರೆ ಹೆಸರಿಗೆ ಕಾಲೇಜು. ಕಟ್ಟಡ ಇತ್ತು, ಬೆಂಚು ಇದ್ದವು, ಗಣಿತಕ್ಕೆ ಮೇಷ್ಟ್ರು ಮಾತ್ರ ಇರಲಿಲ್ಲ. ಅತಿಥಿ ಉಪನ್ಯಾಸಕರು ಅಂತ ಬಂದವರು ಒಂದಷ್ಟು ದಿನ ಪಾಠ ಮಾಡಿ, ಸಂಬಳ ಬರದೆ ಮುಷ್ಕರಕ್ಕೆ ಕೂತರು. ಅವರದೂ ಹೊಟ್ಟೆಪಾಡು, ಅವರನ್ನು ದೂರಿ ಏನು ಬಂತು? ಆದರೆ ಪರೀಕ್ಷೆ ಮುಷ್ಕರ ಮಾಡುತ್ತದೆಯೇ? ಅದು ಹೇಳಿದ ದಿನಕ್ಕೆ ಸರಿಯಾಗಿ ಬಂದು ಎದುರಿಗೆ ಕೂರುತ್ತದೆ. ಹಳ್ಳಿ ಮಕ್ಕಳು ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ, ಖಾಲಿ ಹಲಗೆ ನೋಡಿ, ಮತ್ತೆ ಜೋತಾಡಿಕೊಂಡು ವಾಪಸು ಬರುತ್ತಿದ್ದರು.

ಶಿವುವಿಗೆ ದಾರಿ ತೋರಿಸಿದ್ದು ಫೋನು. ಕೊರೋನಾ ಕಾಲದಲ್ಲಿ ಕೊಂಡದ್ದು, ಇಡೀ ಮನೆಗೆ ಅದೊಂದೇ. ಮನೆಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ. ಹಿತ್ತಲಿನ ಹುಲ್ಲುಮೆದೆಯ ಪಕ್ಕ ನಿಂತರೆ ಬರುತ್ತಿತ್ತು. ಎಲ್ಲೋ ದೂರದೂರಿನ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುವ ಪಾಠವನ್ನು ಅವನು ಅಲ್ಲಿ ಕೂತು ನೋಡುತ್ತಿದ್ದ. ತಲೆಗೆ ಹೋಗದಿದ್ದರೆ ಹಿಂದಕ್ಕೆ ಎಳೆದು ಮತ್ತೆ ಕೇಳುವುದು; ಎಷ್ಟು ಸಲ ಕೇಳಿದರೂ ಆ ಮೇಷ್ಟ್ರು ಮುಖ ಸಿಂಡರಿಸುವುದಿಲ್ಲವಲ್ಲ! ಬೆಳಗ್ಗೆ ಫೋನು ಅವನದು, ಸಂಜೆ ಅನುವಿನದು. ಅವಳಿಗೆ ಅರ್ಥವಾಗದ್ದನ್ನು ಅವನೇ ಬಿಡಿಸಿ ಹೇಳುತ್ತಿದ್ದ. ಒಮ್ಮೊಮ್ಮೆ ಹಳೆಯ ಬಾಗಿಲ ಹಲಗೆಯನ್ನು ಮೆದೆಗೆ ಒರಗಿಸಿ, ಫೋನನ್ನು ಎದುರಿಗೆ ನಿಲ್ಲಿಸಿಕೊಂಡು, ಒಬ್ಬನೇ ಸೀಮೆಸುಣ್ಣ ಹಿಡಿದು ಮಾತಾಡುತ್ತಿದ್ದುದನ್ನು ಮಹದೇವಮ್ಮ ನೋಡಿದ್ದಳು. ಏನು ಎತ್ತ ಅಂತ ಕೇಳಲಿಲ್ಲ. ಓದುವ ಹುಡುಗರ ವಿಷಯ ತನಗೇನು ತಿಳಿದೀತು ಅಂದುಕೊಂಡಿದ್ದಳು.

ಕಬ್ಬು ಅರೆಯುವ ಕಾಲದಲ್ಲಿ ಒಂದು ಸಂಜೆ ಶಿವು ಗೆಳೆಯನೊಬ್ಬನ ಬೈಕು ಇಸಿದುಕೊಂಡು ಮನೆಗೆ ಬರುತ್ತಿದ್ದ. ರಸ್ತೆ ಬದಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಹಿಂದೆ ಲೈಟಿಲ್ಲ, ಒಂದು ಕೆಂಪು ಬಟ್ಟೆಯ ಚೂರೂ ಇಲ್ಲ. ಕಟ್ಟುವವನಿಗೆ ಎಷ್ಟು ಹೊತ್ತು ಬೇಕಿತ್ತು ಹೇಳಿ, ಒಂದು ಬಟ್ಟೆ ಚೂರು? ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಪೊಲೀಸರು ಕೈಗಿತ್ತ ಕವರಿನಲ್ಲಿ ಪರ್ಸು, ಬಾಚಣಿಗೆ, ಫೋನು ಇದ್ದವು. ಫೋನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹುಚ್ಚೀರಯ್ಯ ಅದನ್ನು ನೋಡಿದ್ದೇ, "ಇದ ನೋಡ್ಕಂಡೇ ಬಂದವ್ನೆ. ಇದೇ ತಿಂದಾಕ್ಬುಡ್ತು ನನ್ ಮಗನ್ನ" ಅಂದ. ಅಲ್ಲ ಅಂತ ಹೇಳಲು ಯಾರಿಗೆ ಏನು ಗೊತ್ತಿತ್ತು?

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಗುಡ್ಡೆಗೆ ಹಾಲು ತುಪ್ಪ ಬಿಟ್ಟು, ಎದುರಿಗೆ ಬಾಳೆಲೆ ಹಾಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ಅಲ್ಲಿನ ರೂಢಿ. ಬೀಡಿ ಸೇದುತ್ತಿದ್ದವನಿಗೆ ಬೀಡಿ, ಎಲೆಅಡಿಕೆ ಮೆಲ್ಲುತ್ತಿದ್ದ ಮುದುಕಿಗೆ ಎಲೆಅಡಿಕೆ. ಆಮೇಲೆ ಎಲ್ಲರೂ ದೂರ ಸರಿದು ನಿಂತು ಕಾಗೆಗೆ ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವನು ತೃಪ್ತನಾದ ಅಂತ. ಶಿವುವಿಗೆ ಕೋಳಿಸಾರು, ಮುದ್ದೆ, ಅವನು ಬೇಕರಿಯಿಂದ ತರಿಸಿಕೊಂಡು ತಿನ್ನುತ್ತಿದ್ದ ಬೆಣ್ಣೆ ಬಿಸ್ಕತ್ತು, ಎಲ್ಲ ಇಟ್ಟರು. ಕಾಗೆಗಳು ಹುಣಸೆಮರದಲ್ಲಿ ಕೂತು ನೋಡುತ್ತಿದ್ದವೇ ಹೊರತು ಒಂದೂ ಕೆಳಗಿಳಿಯಲಿಲ್ಲ.

ಬಿಸಿಲು ಏರಿತು. ಶಾಸ್ತ್ರ ಮಾಡಿಸುತ್ತಿದ್ದ ಹಿರಿಯ ತಿಮ್ಮಯ್ಯ, "ಹುಡುಗ ಏನೋ ಮನಸ್ನಲ್ಲಿ ಮಡಿಕ್ಕಂಡವ್ನೆ ಕಣವ್ವ. ಏನಾದ್ರೂ ಮಾತು ಕೊಡಿ" ಅಂದ. ಹುಚ್ಚೀರಯ್ಯ ಕೈ ಮುಗಿದು, "ನಿನ್ ತಂಗಿನ ನಾನು ಓದುಸ್ತೀನಿ ಕಣ್ಮಗ, ಮಧ್ಯಕ್ಕೆ ಬುಡ್ಸಾಕಿಲ್ಲ. ಮುಟ್ಟಪ್ಪ" ಅಂತ ಕೂಗಿ ಹೇಳಿದ. ಕಾಗೆ ಇಳಿಯಲಿಲ್ಲ. ಮಹದೇವಮ್ಮ ಮರದ ಕಡೆಗೊಮ್ಮೆ, ಎಡೆಯ ಕಡೆಗೊಮ್ಮೆ ನೋಡಿದಳು. ಹೆತ್ತ ಮಗ ಹಸಿದುಕೊಂಡು ಮುನಿದು ಕೂತಿದ್ದಾನೆ, ಅವನಿಗೆ ಬೇಕಾದ್ದು ಏನೆಂದು ತನಗೇ ತಿಳಿಯುತ್ತಿಲ್ಲ! ತಟ್ಟನೆ ಹೊಳೆಯಿತು. ಒಂದು ಗಳಿಗೆಯೂ ಕೈಬಿಡದೆ ಅವನು ಹಿಡಿದಿರುತ್ತಿದ್ದದ್ದು ಯಾವುದು?

ಮನೆಗೆ ಓಡಿಹೋಗಿ ಫೋನು ತಂದಳು. ಮಳೆಗಿಳೆ ಬಂದರೆ ನೆನೆಯದಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೊಂದು ಅವನ ಟವೆಲು ಸುತ್ತಿ, ಗುಡ್ಡೆಯ ತಲೆದೆಸೆಯಲ್ಲಿ ಮೊಣಕೈವರೆಗೆ ಮಣ್ಣು ಬಗೆದು ಇಟ್ಟಳು. "ಹಾಕ್ಬುಡು, ಈ ಮನೆಗೆ ಅದಿನ್ನು ಬ್ಯಾಡ" ಅಂದ ಹುಚ್ಚೀರಯ್ಯ. ಅನು ಏನೋ ಹೇಳಲು ಬಾಯಿ ತೆರೆದಳು. ಅಣ್ಣನ ಗುಡ್ಡೆ ಮುಂದೆ ನಿಂತು ಫೋನು ಬೇಕು ಅನ್ನುವುದು ಹೇಗೆ? ಬಾಯಿ ಮುಚ್ಚಿದಳು. ಎಲ್ಲರೂ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೇ ಒಂದು ಕಾಗೆ ಇಳಿದು ಬಂದು ಬಿಸ್ಕತ್ತು ಕಚ್ಚಿಕೊಂಡು ಹೋಯಿತು. ಹೆಂಗಸರು ಹೋ ಅಂತ ಅತ್ತರು. ಮಗನ ಮನಸ್ಸು ತಿಳಿದ ತಾಯಿ ಅಂತ ಊರೆಲ್ಲ ಮಹದೇವಮ್ಮನನ್ನು ಹೊಗಳಿತು.

ತಿಥಿಯ ದಿನ ಶಿವುವಿನ ಕಾಲೇಜಿನವರು ಗುಂಪಾಗಿ ಬಂದರು. ಊಟ ಮಾಡಿ, ಕೈ ತೊಳೆದು, ಹೋಗದೆ ಅಲ್ಲೇ ಒದ್ದಾಡುತ್ತ ನಿಂತರು. ಕೊನೆಗೆ ಅವನ ಜೊತೆಗಾರ ಹೇಮಂತ್ ಜಗುಲಿಯ ಅಂಚಿಗೆ ಬಂದು ಕೂತ.

"ಅವ್ವ, ಶಿವು ನಮಗೆಲ್ಲ ಪಾಠ ಹೇಳ್ಕೊಡ್ತಿದ್ದ."

"ಅವ್ನೂ ನಿಮ್ಮಂಗೇ ಓದೋನಲ್ವೇನಪ್ಪ? ಅವ್ನೇನು ಹೇಳ್ಕೊಟ್ಟಾನು?"

"ಹಂಗಲ್ಲ ಕಣವ್ವ. ನೆಟ್ಟಲ್ಲಿ ಇಂಗ್ಲಿಷ್ ಪಾಠ ಕೇಳ್ತಿದ್ದ. ಅದನ್ನ ನಮ್ ಮಾತಲ್ಲಿ ಹೇಳಿ, ವಿಡಿಯೋ ಮಾಡಿ ನೆಟ್ಟಿಗೆ ಹಾಕ್ತಿದ್ದ. ಮದ್ದೂರು, ಮಂಡ್ಯದ ಹುಡುಗ್ರೂ ನೋಡ್ತಾರೆ. ಹೋದ್ಸಲ ನಾವು ಗಣಿತ ಪಾಸಾಗಿದ್ದೇ ಅವನಿಂದ."

ಪಕ್ಕದಲ್ಲಿದ್ದ ನಯನ ಎಂಬ ಹುಡುಗಿ ಕಣ್ಣೊರೆಸಿಕೊಂಡು, "ಕೊನೇ ಪಾಠಗಳನ್ನೂ ಮಾಡಿಟ್ಟಿದೀನಿ, ಹಾಕ್ತೀನಿ ಅಂದಿದ್ದ ಅವ್ವ. ಅವು ಫೋನಲ್ಲೇ ಇರ್ತವೆ. ಒಂದ್ಸಲ ಫೋನ್ ಕೊಟ್ರೆ ನಾವೇ ತಗೊಂಡು ಹಾಕ್ತೀವಿ. ಪರೀಕ್ಷೆ ಹತ್ರ ಬಂತು" ಅಂದಳು.

ಮಹದೇವಮ್ಮ ಹಿತ್ತಲ ಕಡೆ ತಿರುಗಿ ನೋಡಿದಳು. ಹಿತ್ತಲಲ್ಲಿ ಒಬ್ಬನೇ ನಿಂತು ಮಾತಾಡುತ್ತಿದ್ದದ್ದು ಇದಾ? ಇಷ್ಟು ಮಕ್ಕಳಿಗೆ ಮೇಷ್ಟ್ರಾಗಿದ್ದ ಮಗನನ್ನು ತಾನು ಹೆತ್ತದ್ದೇ ತನಗೆ ಗೊತ್ತಾಗಲಿಲ್ಲವಲ್ಲ! ಹೇಮಂತ್ ತನ್ನ ಫೋನು ತೆಗೆದು, "ಕೇಳ್ತೀರಾ ಅವ್ವ, ಒಂದನ್ನ?" ಅಂದ. ಅವಳು ಬೇಡವೆಂದು ಕೈಯಾಡಿಸಿದಳು. ಸತ್ತ ಮಗನ ದನಿ ಕೇಳುವ ಗಟ್ಟಿತನ ಅವಳಿಗಿರಲಿಲ್ಲ. ಕೊನೆಗೆ, "ಆ ಫೋನು ಅವನ ತಾವೇ ಅದೆ ಕಣಪ್ಪ. ಗುಡ್ಡೆವೊಳಗೆ" ಅಂದಳು. ಆ ಹುಡುಗರ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಪಾಪ, ಕೈ ಮುಗಿದು ಹೊರಟುಹೋದರು.

ಅದಾದ ಮೇಲೆ ಅನು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು. ಮೊದಲು ತಲೆನೋವು ಅಂದಳು, ಆಮೇಲೆ ಏನೂ ಅನ್ನಲಿಲ್ಲ. ಒಂದು ಬೆಳಗ್ಗೆ ಒಲೆಯ ಮುಂದೆ ಕೂತವಳು, "ನಾಳಿಂದ ಗಾರ್ಮೆಂಟ್ಸಿಗೆ ಓಯ್ತೀನಿ. ಮದ್ದೂರಿಂದ ವ್ಯಾನ್ ಬತ್ತದೆ, ಮಾತಾಡಿವ್ನಿ" ಅಂದಳು.

"ಏನಂದೆ? ಇನ್ನೊಂದ್ಸಲ ಅನ್ನು!" ಮಹದೇವಮ್ಮ ಸೌದೆ ಹಿಡಿದೇ ಎದ್ದಳು. "ನಿನ್ ಅಣ್ಣನ ಗುಡ್ಡೆ ಮುಂದೆ ನಿಮ್ಮಪ್ಪ ಮಾತು ಕೊಟ್ಟವ್ನೆ. ಓದಾದು ಬುಟ್ಟು ಬಟ್ಟೆ ಹೊಲ್ಯಕ್ಕೋಯ್ತಾಳಂತೆ!"

"ಮಾತು ಕೊಟ್ಬುಟ್ರೆ ಆಯ್ತಾ? ಕಾಲೇಜ್ಗೆ ಓಗಿ ಗ್ವಾಡೆ ನೋಡ್ಕಂಡು ಕುಂತ್ಕಳ್ಳಾ? ಮೇಷ್ಟ್ರಿಲ್ಲ. ಇರೋರು ನೋಟ್ಸನ್ನ ಫೋನಿಗೆ ಕಳುಸ್ತಾರೆ. ದಿನಾ ಯಾರ ತಾವ ಬೇಡ್ಲಿ? ಅಣ್ಣ ಇದ್ದ, ಫೋನಿತ್ತು, ಓದ್ತಿದ್ದೆ. ಎರಡ್ನೂ ಮಣ್ಗಾಕ್ಬುಟ್ಟು ಬಂದ್ರಿ."

ಮಹದೇವಮ್ಮ ಹೊಡೆದೇ ಬಿಟ್ಟಳು. ಅನು ಅಳಲೂ ಇಲ್ಲ, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಅಳದೆ ಕೂತ ಮಗಳನ್ನು ನೋಡಿ ತಾಯಿಗೆ ಹೆದರಿಕೆಯಾಯಿತು. ಒಬ್ಬ ಮಗ ಕೈಬಿಟ್ಟುಹೋದ, ಇವಳೂ ಜಾರುತ್ತಿದ್ದಾಳೆ ಅನ್ನಿಸಿತು.

ಗಂಡನ ಹತ್ತಿರ ಹೋಗಿ ಹುಡುಗಿಗೊಂದು ಫೋನು ತರುವ ಮಾತೆತ್ತಿದಳು. ಎಂದೂ ಎದುರಾಡದವನು ಅಂದು, "ಇನ್ನೊಂದು ಫೋನು ಈ ಹೊಸ್ಲು ದಾಟಿ ಒಳೀಕೆ ಬಂದ್ರೆ ನಾನು ದಾಟಿ ಆಚ್ಗೋಯ್ತೀನಿ" ಅಂದ.

ಆದರೆ ಇನ್ನೊಂದು ಅಂದನಲ್ಲ. ಇರುವುದೊಂದು ಇದೆಯಲ್ಲ? ಕೊಟ್ಟದ್ದನ್ನು ಕಿತ್ತುಕೊಳ್ಳುವುದೇ? ಕಾಗೆ ಮುಟ್ಟಿದ ಮೇಲೆ? ಅವನು ಒಪ್ಪಿಕೊಂಡ ವಸ್ತು ಅದು, ಅವನದು. ಊರವರು ತಿಳಿದರೆ ಮುಖಕ್ಕೆ ಉಗಿಯುತ್ತಾರೆ. ಉಗಿಯಲಿ, ಅದು ಅವಳಿಗೆ ದೊಡ್ಡದಲ್ಲ. ಮಗ ಮುನಿದುಕೊಂಡರೆ? ಅದೊಂದೇ ಅವಳನ್ನು ಕಿತ್ತು ತಿನ್ನುತ್ತಿತ್ತು. ಗದ್ದೆಯಲ್ಲಿ ಎರಡು ದಿನ ಅವಳು ಯಾರನ್ನೂ ಬೈಯಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂರನೆಯ ಬೆಳಗ್ಗೆ ಗುದ್ದಲಿ ಹಿಡಿದು ಹೋದಳು. ಬಿಸಿಲು ಚೆನ್ನಾಗಿ ಬಿದ್ದಿತ್ತು, ಕದ್ದು ಮಾಡುವ ಮನಸ್ಸು ಅವಳಿಗಿರಲಿಲ್ಲ. ಗುಡ್ಡೆಯ ತಲೆದೆಸೆಯಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಮಗ, ತಪ್ಪು ತಿಳ್ಕಬ್ಯಾಡ ಕಣಪ್ಪ. ನಿನ್ ತಂಗಿಗೆ ಬೇಕಂತೆ. ನನ್ಗೇನೂ ತಿಳೀನಿಲ್ಲ, ದಡ್ ಮುಂಡೆ ನಾನು. ನಿನ್ಗೆ ಬೇಕು ಅಂತ ಆಕ್ಬುಟ್ಟೆ. ಕೊಡು ಕಣ್ಲಾ, ಅವ್ಳು ಓದ್ಕಳ್ಳಿ."

ಗುದ್ದಲಿ ಹಾಕಲು ಮನಸ್ಸಾಗದೆ ಕೈಯಲ್ಲೇ ಬಗೆದಳು. ಟವೆಲಿನ ಅಂಚು ಸಿಕ್ಕಿತು. ಎಳೆದುಕೊಂಡು ಎದೆಗವಚಿ ತಿರುಗಿದರೆ ಹುಣಸೆಮರದ ಕೆಳಗೆ ಹುಚ್ಚೀರಯ್ಯ ನಿಂತಿದ್ದ. ಆಲೆಮನೆಗೆ ಹೋಗುವ ಮೊದಲು ದಿನಾ ಅವನು ಇಲ್ಲಿಗೆ ಬಂದು ಹೋಗುತ್ತಿದ್ದದ್ದು ಅವಳಿಗೂ ಗೊತ್ತಿರಲಿಲ್ಲ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಳು. ಅವನು ಹತ್ತಿರ ಬಂದು, ಅವಳು ಬಗೆದ ಮಣ್ಣನ್ನು ಗುದ್ದಲಿಯಲ್ಲಿ ಎಳೆದು ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಿದ. "ನನ್ ಕಣ್ಗೆ ತೋರುಸ್ಬ್ಯಾಡ ಅದ" ಎಂದಷ್ಟೇ ಹೇಳಿ ಆಲೆಮನೆಯ ದಾರಿ ಹಿಡಿದ.

ಅನುವನ್ನು ಕರೆದುಕೊಂಡು ಅವಳು ಮಳವಳ್ಳಿಗೆ ಹೋದದ್ದು ಅದೇ ದಿನ. ಬಸ್‌ಸ್ಟ್ಯಾಂಡಿನ ಹತ್ತಿರ ಅಂಬರೀಶ್ ಎಂಬವನ ಮೊಬೈಲ್ ರಿಪೇರಿ ಅಂಗಡಿ. ಅವನು ಫೋನಿನ ಸಂದಿಯ ಮಣ್ಣನ್ನು ಬ್ರಷ್ಷಿನಲ್ಲಿ ಕೆಡವಿ, ಎಲ್ಲಿಂದ ತಂದಿರಿ ಅಂತ ಕೇಳಿ, ಅನು ಹೇಳಿದ್ದನ್ನು ಕೇಳಿ ಬೆಚ್ಚಿದ. ಆಮೇಲೆ ಚಾರ್ಜಿಗೆ ಹಾಕಿದ. ಸುತ್ತಿಟ್ಟದ್ದು ಒಳ್ಳೆಯದಾಯಿತು, ನೀರು ಹೋಗಿಲ್ಲ ಅಂದ. ಸ್ವಲ್ಪ ಹೊತ್ತಿಗೆ ಫೋನು ಬೆಳಗಿತು. ಗಾಜಿನ ಮೇಲೆ ಶಿವುವಿನ ಮುಖ ಮೂಡಿತು, ಮೆದೆಗೆ ಒರಗಿ ನಗುತ್ತ ನಿಂತ ಫೋಟೋ. ಮಹದೇವಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ತೆರೆಯಲು ಫೋನು ಗುಟ್ಟಿನ ನಂಬರು ಕೇಳುತ್ತಿತ್ತು. ಅನುವಿಗೆ ಗೊತ್ತಿರಲಿಲ್ಲ. ಅವನ ಬೆರಳು, ಇವಳ ಬೆರಳು ಎರಡಕ್ಕೂ ತೆರೆಯುತ್ತಿತ್ತು, ನಂಬರು ಬೇಕಾಗಿಯೇ ಇರಲಿಲ್ಲ. ಅವಳು ಬೆರಳನ್ನು ಒರೆಸಿ ಒರೆಸಿ ಇಟ್ಟಳು.

"ಅದು ಆಗಲ್ಲ ಕಣಮ್ಮ" ಅಂದ ಅಂಬರೀಶ್. "ಪೂರ್ತಿ ಆಫ್ ಆಗಿ ಆನ್ ಆದ್ರೆ ಮೊದ್ಲು ನಂಬರೇ ಬೇಕು." ಹುಟ್ಟಿದ ದಿನ, ಕಾಲೇಜಿನ ನಂಬರು ಎಲ್ಲ ಒತ್ತಿ ನೋಡಿದರು. ಒಂದೂ ಹೊಂದಲಿಲ್ಲ. ಅವನು ಕತ್ತು ಕೆರೆದುಕೊಂಡು, "ಒಂದೇ ದಾರಿ. ಒಳಗಿರೋದನ್ನೆಲ್ಲ ಅಳಿಸ್ಬೇಕು. ಆಗ ಫೋನು ಹೊಸದ್ರಂಗೆ ಬರ್ತದೆ, ಈ ಹುಡುಗಿ ಓದ್ಕೋಬಹುದು. ಆದ್ರೆ ಅವನ್ದು ಏನೂ ಉಳಿಯಲ್ಲ" ಅಂದ.

"ಅವ್ನು ಮಾಡಿಟ್ಟಿರೋ ಪಾಠ?"

"ಹೋಯ್ತವೆ."

"ಅವ್ನ ಫೋಟೋ? ಮಾತು?"

"ಎಲ್ಲ ಹೋಯ್ತವೆ ಅವ್ವ."

"ಅಳುಸ್ದೆ ಹಂಗೇ ಮಡಿಕ್ಕಂಡ್ರೆ?"

"ಒಳಗಿರ್ತವೆ. ನಿಮಗೆ ಸಿಕ್ಕಲ್ಲ, ಅಷ್ಟೇ."

ಅನು ತಾಯಿಯ ಕೈ ಹಿಡಿದುಕೊಂಡಳು. "ಬ್ಯಾಡ ಕಣವ್ವ. ಹಂಗೇ ಇರ್ಲಿ, ಮನೇಲಿ ಮಡಗಾವ. ನಾನು ವ್ಯಾನ್‌ಗೇ ಓಯ್ತೀನಿ, ನನ್ಗೇನೂ ಬೇಜಾರಿಲ್ಲ."

ಮಹದೇವಮ್ಮ ಫೋನಿನ ಮೇಲಿನ ಮುಖವನ್ನು ನೋಡುತ್ತ ನಿಂತಳು. ಗಾಜು ಕಪ್ಪಾದಾಗೆಲ್ಲ ಅಂಬರೀಶ್ ಬೆರಳಿಂದ ತಟ್ಟಿ ಮತ್ತೆ ಬೆಳಗಿಸುತ್ತಿದ್ದ. ಒಳ್ಳೆಯ ಮನುಷ್ಯ. ಮೊದಲ ಸಲ ಮಗನನ್ನು ಮಣ್ಣು ಮಾಡುವಾಗ ಊರೇ ಜೊತೆಗಿತ್ತು, ಹೊರಲು ಹೆಗಲಿದ್ದವು, ಅವಳನ್ನು ಹಿಡಿದುಕೊಳ್ಳಲು ಹೆಂಗಸರಿದ್ದರು. ಈಗ ಅವಳೊಬ್ಬಳ ಬಾಯಿಂದಲೇ ಮಾತು ಬರಬೇಕಿತ್ತು. ಇಂಥ ಹಾಳು ಗಳಿಗೆ ಯಾವ ತಾಯಿಗೂ ಬರಬಾರದು.

"ಅಳುಸ್ಬುಡಪ್ಪ" ಅಂದಳು.

"ಅವ್ವಾ!"

"ಸುಮ್ನಿರಮ್ಮಿ. ಸತ್ತಿರೋ ಮಗಂಗೋಸ್ಕರ ಬದುಕಿರೋ ಮಗಳನ್ನ ಹೂಣಕಾಗಕಿಲ್ಲ ನಾನು. ನೀನು ಅಳುಸಪ್ಪ."

ಅಂಬರೀಶ್ ಏನೇನೋ ಒತ್ತಿದ. ಶಿವುವಿನ ಮುಖ ಹೋಯಿತು. ಕಪ್ಪು ಗಾಜಿನಲ್ಲಿ ಒಂದು ಗೆರೆ ಓಡಿತು, ನಿಂತಿತು, ಮತ್ತೆ ಓಡಿತು. ಅಲ್ಲಿಂದಾಚೆಗೆ ಫೋನಿನೊಳಗಿನ ಇನ್ನೊಂದೆರಡು ಬೀಗ ಬಿಡಿಸುವುದಿತ್ತು, ಹೊತ್ತು ಹಿಡಿಯಿತು. ತಾಯಿ ಮಗಳು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಟೀ ತರಿಸಿಕೊಟ್ಟರೆ ಇಬ್ಬರೂ ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಕರೆದು, ನೋಡಿಕೊಳ್ಳಿ ಅಂತ ಫೋನನ್ನು ಅನುವಿನ ಕೈಗಿಟ್ಟ. ಅದು ನಿನ್ನೆ ಮೊನ್ನೆ ಕೊಂಡದ್ದರಂತೆ, ಯಾರ ಗುರುತೂ ಇಲ್ಲದೆ ಬೋಳುಬೋಳಾಗಿತ್ತು.

ನೆಟ್ ಬರುತ್ತದೋ ಇಲ್ಲವೋ ನೋಡಬೇಕಿತ್ತು. ಅನು ಅಣ್ಣ ಪಾಠ ಹಾಕುತ್ತಿದ್ದ ಜಾಗವನ್ನೇ ಹುಡುಕಿದಳು. ನೆಟ್ಟಿಗೆ ಹಾಕಿದವು ಅಲ್ಲಿದ್ದವು, ಹಾಕದೆ ಉಳಿದವು ಹೋಗಿದ್ದವು. ಮೇಲಿನದನ್ನು ಒತ್ತಿದಳು. ಹಿತ್ತಲು ಕಾಣಿಸಿತು, ಹಲಗೆ ಕಾಣಿಸಿತು. "ಇಲ್ನೋಡ್ರಪ್ಪ, ಮೊದ್ಲು ಇದನ್ನ ಎರಡ್ ಭಾಗ ಮಾಡ್ಕಳಿ" ಎನ್ನುತ್ತ ಶಿವು ಸೀಮೆಸುಣ್ಣ ಹಿಡಿದು ನಿಂತಿದ್ದ. ಮಹದೇವಮ್ಮ ಈ ಸಲ ಬೇಡವೆಂದು ಕೈಯಾಡಿಸಲಿಲ್ಲ. ಗಾಜಿನ ಕೌಂಟರು ಹಿಡಿದು ಬಗ್ಗಿದಳು. ಅವನು ಒಂದು ಸಾಲು ಬರೆದ, ಇನ್ನೊಂದು ಬರೆಯುವಷ್ಟರಲ್ಲಿ ಮನೆಯೊಳಗಿಂದ ಹೆಂಗಸೊಬ್ಬಳ ಗಟ್ಟಿ ದನಿ ಕೇಳಿಸಿತು.

"ಶಿವೂ! ಮುದ್ದೆ ಆರೋಯ್ತಾ ಅದೆ, ಬಾಲಾ! ಯಾವಾಗ್ ನೋಡಿದ್ರೂ ಅದೇ ಆಯ್ತು. ಅದ್ರೊಳೀಕೇ ಓಗಿ ಸೇರ್ಕಬುಡು ಅತ್ಲಾಗೆ!"

ಅಂಬರೀಶ್ ಮುಖ ಪಕ್ಕಕ್ಕೆ ತಿರುಗಿಸಿದ. ಫೋನಿನಲ್ಲಿ ಶಿವು ನಕ್ಕು, ಬಾಗಿಲ ಕಡೆ ಕತ್ತು ಹೊರಳಿಸಿ, "ಬಂದೆ ಕಣವ್ವ. ಇದೊಂದ್ ಲೆಕ್ಕ ಮುಗಿಸ್ಕತೀನಿ, ಇರು" ಅಂದ.

ಮಹದೇವಮ್ಮ ಇನ್ನಷ್ಟು ಬಗ್ಗಿ, ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು:

"ಆಗ್ಲಿ ಕಣ್ಮಗ. ನಿಧಾನ್ವಾಗಿ ಮುಗುಸ್ಕ. ನಾನು ಬಿಸಿ ಮಾಡಿ ಕೊಡ್ತೀನಿ."